ಗುಡ್ಡದ ಮೇಲೆ ಹೊಟ್ಟೆಕಿಚ್ಚು

ಫೆಬ್ರವರಿ 6

ಅತ್ತಿಗೆಯವರಿಗೆ,

ಎಲ್ಲರೂ ಕ್ಷೇಮ ಎಂದು ಬರೆದೇ ಕಾಗದ ಶುರುಮಾಡುವ ಅಭ್ಯಾಸ ನನಗೂ ಇದೆ. ಈ ಸಲ ಕೈ ಬರುತ್ತಿಲ್ಲ. ಇದನ್ನು ನಿಮ್ಮ ತಮ್ಮನ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ. ಲಕೋಟೆ ಅಂಟಿಸಿಲ್ಲ, ಆದರೂ ಅವರು ತೆಗೆದು ನೋಡುವುದಿಲ್ಲ. ಈಗ ಅವರು ಯಾವುದನ್ನೂ ತೆಗೆದು ನೋಡುವುದಿಲ್ಲ, ಮುಂದಿಟ್ಟ ಪತ್ರಿಕೆಯನ್ನು ಕೂಡ.

ಫೋನಿನಲ್ಲಿ ನಿಮಗೆ ಅರ್ಧಂಬರ್ಧ ಹೇಳಿದ್ದೆ. ನಿಮ್ಮ ಗುಡ್ಡದಲ್ಲಿ ಮಾತು ನಡುವೆಯೇ ಕಡಿದುಹೋಗುತ್ತದೆ. ಹೋದ ಮಾರ್ಚ್‌ನಲ್ಲಿ ಇವರು ಓಡಿಸುತ್ತಿದ್ದ ರೈಲಿನ ಮುಂದೆ ಹಳಿಯ ಮೇಲೆ ಒಬ್ಬ ಹೆಂಗಸು ಬಂದು ನಿಂತಿದ್ದರು. ಇವರು ಹಾರ್ನ್ ಹಾಕಿದರು, ಬ್ರೇಕ್ ಹಾಕಿದರು. ಅಷ್ಟು ಭಾರದ ಗಾಡಿ ಹಾಕಿದ ಕೂಡಲೇ ನಿಲ್ಲುವುದಿಲ್ಲ. ಇವರದೇನೂ ತಪ್ಪಿಲ್ಲ ಎಂದು ಇಲಾಖೆಯವರು ಬರೆದುಕೊಟ್ಟರು. ಅಂದಿನಿಂದ ಬಲಗೈಯ ಹಿಡಿತ ಹೋಗಿದೆ. ಎಲುಬು, ನರ ಎಲ್ಲ ಸರಿಯಾಗಿದೆ ಎಂದು ಪರೀಕ್ಷೆಗಳು ಹೇಳುತ್ತವೆ, ಲೋಟ ಮಾತ್ರ ಜಾರುತ್ತದೆ. ನಿದ್ದೆ ಇಲ್ಲ. ಫೋನ್ ಬಡಿದುಕೊಂಡರೆ ಬೆಚ್ಚುತ್ತಾರೆ, ಅದಕ್ಕೇ ಇನ್ನು ಮುಂದೆ ಕಾಗದವೇ ವಾಸಿ. ಮಾತೆಂದರೆ ‘ಹೂಂ’, ‘ಬೇಡ’, ಅಷ್ಟೆ.

ಹಸಿರಿರುವ ಕಡೆ ನಾಲ್ಕು ವಾರ ಇಟ್ಟು ನೋಡಿ ಎಂದವರು ವೈದ್ಯರು. ಅದು ನನ್ನ ಆಲೋಚನೆಯಲ್ಲ. ಹನ್ನೆರಡು ವರ್ಷದಿಂದ ಆಸ್ಪತ್ರೆಯ ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದೇನೆ, ಗಾಳಿ ಬೆಳಕಿನಿಂದ ಗಾಯ ಮಾಯುವುದಾದರೆ ನಾವೆಲ್ಲ ಯಾಕಿರಬೇಕಿತ್ತು? ಆದರೆ ಇವರನ್ನು ಚಿಕ್ಕಂದಿನಿಂದ ಸಾಕಿದವರು ನೀವು. ಬೇರೆ ಯಾರ ಹತ್ತಿರ ಕಳಿಸಲಿ?

ಜೊತೆಗೆ ಒಂದು ಪಟ್ಟಿ ಇದೆ. ಮಾತ್ರೆ ಊಟದ ನಂತರವೇ ಕೊಡಿ. ರಬ್ಬರ್ ಚೆಂಡನ್ನು ಬಲಗೈಯಲ್ಲಿ ದಿನಕ್ಕೆ ಮೂರು ಸಲ, ಇಪ್ಪತ್ತಿಪ್ಪತ್ತು ಬಾರಿ ಹಿಚುಕಿಸಿ. ಮಾರ್ಚ್ 6ಕ್ಕೆ ವಾಪಸು ಕಳಿಸಿಕೊಡಿ.

ನಿಮ್ಮ ತಮ್ಮನ ಹೆಂಡತಿ

*

ಫೆಬ್ರವರಿ 13

ನರ್ಸಮ್ಮನಿಗೆ,

ಗುಂಡ ಬಂದು ಸೇರಿದ. ‘ಗುಂಡ’ ಎಂದರೆ ನಿನಗೆ ಸಿಟ್ಟು ಬರುತ್ತದೆ, ಗೊತ್ತು. ನಲವತ್ತೊಂದು ವರ್ಷದ ರೈಲು ಚಾಲಕನನ್ನು ಹಾಗೆ ಕರೆಯಬಾರದು ಎಂದು ನೀನು ಒಮ್ಮೆ ಹೇಳಿದ್ದೆ. ಬಸ್ಸಿನಿಂದ ಇಳಿದಾಗ ನೋಡಿದರೆ ಅಂಗಿಯೊಳಗೆ ಆಳೇ ಇಲ್ಲ. ಇನ್ನೇನೆಂದು ಕರೆಯಲಿ, ಕಡ್ಡಿ ಎನ್ನಲೇ?

ನಿನ್ನ ಪಟ್ಟಿ ಎರಡು ಪುಟ, ಎರಡು ಬಣ್ಣದ ಶಾಯಿ. ಬೀಜ ನೆನೆಹಾಕುವ ತಾರೀಖಿನ ಪಟ್ಟಿಯ ಪಕ್ಕದಲ್ಲೇ ಅಂಟಿಸಿದ್ದೇನೆ. ನೀನು ನರ್ಸು, ನನ್ನದು ನರ್ಸರಿ. ಪಟ್ಟಿ ಇಲ್ಲದೆ ಇಬ್ಬರಿಗೂ ಕೈಕಾಲು ಆಡುವುದಿಲ್ಲ.

ನಮ್ಮ ಗುಡ್ಡದ ಪಶ್ಚಿಮದ ಮಗ್ಗುಲು ಮೂರು ವರ್ಷದ ಹಿಂದೆ ಸುಟ್ಟುಹೋಯಿತೆಂದು ನಿನಗೆ ಬರೆದಿದ್ದೆನೋ ಇಲ್ಲವೋ. ಅಲ್ಲಿಗೆ ಬೇಕಾದ ಸಸಿಗಳನ್ನು ಬೆಳೆಸುವುದೇ ಈಗ ನನ್ನ ಕೆಲಸ. ನೆರಳುಬಲೆಯ ಕೆಳಗೆ ಹನ್ನೊಂದು ಸಾವಿರ ಸಸಿ ಇವೆ. ಗುಂಡ ಮೂರು ದಿನ ಅವುಗಳ ನಡುವೆ ಬಕೆಟ್ ಬೋರಲು ಹಾಕಿಕೊಂಡು ಕೂತಿದ್ದ, ಅಷ್ಟೆ. ನಾಲ್ಕನೆಯ ದಿನ ತಾನೇ ಬೂಟು ಕಳಚಿಟ್ಟು ಹಳ್ಳದ ಕಡೆ ಹೋದ. ಮಧ್ಯಾಹ್ನ ಹುಡುಕಿಕೊಂಡು ಹೋದರೆ ಅತ್ತಿ ಮರದ ಬುಡದಲ್ಲಿ ಬರಿ ನೆಲದ ಮೇಲೆ ಮಲಗಿದ್ದಾನೆ. ಐದು ಗಂಟೆ ನಿದ್ದೆ ಮಾಡಿದ. ತೋಳಿನ ಮೇಲೆ ಇರುವೆ ಸಾಲು ಹೋಗುತ್ತಿತ್ತು, ಆದರೂ ನಾನು ಎಬ್ಬಿಸಲಿಲ್ಲ.

ಚಿಕ್ಕವನಿದ್ದಾಗಲೂ ಹೀಗೇ. ಅಳು ಬಂದರೆ ಮನೆಯೊಳಗೆ ಅಳುತ್ತಿರಲಿಲ್ಲ, ಹೋಗಿ ಯಾವುದಾದರೂ ಮರಕ್ಕೆ ಬೆನ್ನು ಕೊಟ್ಟು ಕೂರುತ್ತಿದ್ದ. ನಿನಗೆ ಇದು ಗೊತ್ತಿರಲಿಕ್ಕಿಲ್ಲ.

ಸಾಮಾನು ತರುವ ವ್ಯಾನು ಮಂಗಳವಾರ, ಶುಕ್ರವಾರ ಬರುತ್ತದೆ. ಕಾಗದವೂ ಅದರಲ್ಲೇ.

ಅತ್ತಿಗೆ

*

ಫೆಬ್ರವರಿ 19

ಅತ್ತಿಗೆಯವರಿಗೆ,

ಹೌದು, ನನಗೆ ಗೊತ್ತಿರಲಿಲ್ಲ.

ಐದು ಗಂಟೆ ಎಂದು ಓದಿದ ಕೂಡಲೇ ಸಂತೋಷವಾಗಬೇಕಿತ್ತು. ಆಯಿತು ಕೂಡ. ಆಮೇಲೆ ಕೋಣೆಗೆ ಹೋಗಿ ಆ ಹಾಸಿಗೆಯನ್ನು ನೋಡುತ್ತ ನಿಂತೆ. ಬೆನ್ನಿಗೆ ಒತ್ತಬಾರದೆಂದು ಹೊಸ ಹತ್ತಿ ತುಂಬಿಸಿದ್ದೆ. ಕಿಟಕಿಗೆ ಎರಡು ಪದರ ಪರದೆ ಹಾಕಿದ್ದೆ. ಟಿಕ್ ಟಿಕ್ ಎನ್ನುತ್ತದೆಂದು ಗಡಿಯಾರವನ್ನು ಅಡುಗೆಮನೆಗೆ ಸಾಗಿಸಿದ್ದೆ. ಕುಕ್ಕರ್ ಕೂಗಬಾರದೆಂದು ಪಾತ್ರೆಯಲ್ಲೇ ಬೇಯಿಸಿದೆ. ಹನ್ನೊಂದು ತಿಂಗಳಲ್ಲಿ ಅವರು ಒಟ್ಟಿಗೆ ಎರಡು ಗಂಟೆ ಮಲಗಿದ್ದನ್ನು ನಾನು ನೋಡಲಿಲ್ಲ. ಅಲ್ಲಿ ಕಲ್ಲು, ಇರುವೆ, ಐದು ಗಂಟೆ!

ಬರಿಗಾಲಲ್ಲಿ ಓಡಾಡಲು ಬಿಡಬೇಡಿ. ಮಣ್ಣಿನಲ್ಲಿ ಏನೇನಿರುತ್ತದೆ ಎಂದು ನಾನು ದಿನಾ ವಾರ್ಡಿನಲ್ಲಿ ನೋಡುತ್ತೇನೆ. ಮಾತ್ರೆ, ಚೆಂಡು ಎರಡರ ಬಗ್ಗೆಯೂ ನೀವು ಒಂದಕ್ಷರ ಬರೆದಿಲ್ಲ.

ಇನ್ನೊಂದು ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಅವರು ನನ್ನ ಬಗ್ಗೆ ಏನಾದರೂ ಕೇಳಿದರಾ? ಮನೆಯ ಬಗ್ಗೆ? ಕೇಳದಿದ್ದರೂ ಪರವಾಗಿಲ್ಲ, ಇದ್ದದ್ದು ಇದ್ದಹಾಗೆ ತಿಳಿಸಿ.

ನಾನು ಚೆನ್ನಾಗಿದ್ದೇನೆ. ಕೆಲಸ ಜಾಸ್ತಿ.

ನಿಮ್ಮ ತಮ್ಮನ ಹೆಂಡತಿ

*

ಮಾರ್ಚ್ 1

ನರ್ಸಮ್ಮ,

ಉತ್ತರ ತಡವಾಯಿತು. ಸಸಿಗಳನ್ನು ಮೇಲಕ್ಕೆ ಸಾಗಿಸುವ ಕಾಲ ಇದು, ಹಳ್ಳದಿಂದ ನೀರು ಹೊತ್ತು ಉಣಿಸುತ್ತೇವೆ, ಮಳೆಗಾಲಕ್ಕೆ ಕಾಯುವುದಿಲ್ಲ, ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ.

ಒಂದು ಸುದ್ದಿ ಇದೆ, ಕೂತುಕೊಂಡು ಓದು. ಮೊನ್ನೆ ಗುಂಡ ನನ್ನ ಜೊತೆ ಸುಟ್ಟ ಮಗ್ಗುಲಿಗೆ ಬಂದ. ನಾನು ಗುಂಡಿ ತೋಡುತ್ತಿದ್ದೆ, ಅವನು ಸಸಿಯ ಚೀಲ ಹರಿದು ಕೊಡುತ್ತಿದ್ದ, ಎಡಗೈಯಲ್ಲೇ. ಒಂದು ಸಸಿಯನ್ನು ತಿರುಗಿಸಿ ತಿರುಗಿಸಿ ನೋಡಿ ಹೇಳಿದ:

“ಅಕ್ಕಾ, ಇದರ ಬೇರು ಸುತ್ತಿಕೊಂಡು ಬಿಗಿದುಬಿಟ್ಟಿದೆ. ಹೀಗೇ ನೆಟ್ಟರೆ ಉಸಿರು ಕಟ್ಟುತ್ತೆ. ಸ್ವಲ್ಪ ಬಿಡಿಸಲಾ?”

“ಬಿಡಿಸು” ಅಂದೆ.

ಎರಡೂ ಕೈಯಲ್ಲಿ ಬಿಡಿಸಿದ. ಬಲಗೈಯ ಬೆರಳುಗಳು ಒಂದೊಂದೇ ಎಳೆಯನ್ನು ಹಿಡಿದು, ಎಳೆದು, ಮಣ್ಣು ಉದುರಿಸಿದವು. ನಾನು ನೋಡಿಯೂ ನೋಡದವಳ ಹಾಗೆ ಗುದ್ದಲಿ ಆಡಿಸುತ್ತಿದ್ದೆ. ಬಾಯಿ ಬಿಟ್ಟಿದ್ದರೆ ಆ ಕೈಗೆ ತನ್ನ ಕಾಯಿಲೆ ನೆನಪಾಗಿಬಿಡುತ್ತಿತ್ತು. ಅಂದು ಮೂವತ್ತೆಂಟು ಸಸಿ ನೆಟ್ಟೆವು. ನಿನ್ನ ಚೆಂಡು ಪಾಪ ಮೇಜಿನ ಮೇಲೆ ಧೂಳು ತಿನ್ನುತ್ತಿದೆ.

ವಾಪಸು ಬರುವಾಗ ಹಳ್ಳದ ಬಂಡೆಯ ಮೇಲೆ ಕೂತು, ನೀರಿನಲ್ಲಿ ಕಾಲು ಬಿಟ್ಟುಕೊಂಡು, ಆ ದಿನ ನಡೆದದ್ದನ್ನೆಲ್ಲ ಹೇಳಿದ. ಮೊದಲಿನಿಂದ ಕೊನೆಯವರೆಗೆ. ಇದುವರೆಗೆ ಯಾರಿಗೂ ಹೇಳಿಲ್ಲವಂತೆ. ಅದನ್ನು ನಾನು ನಿನಗೆ ಬರೆಯುವುದು ಸರಿಯಲ್ಲ.

ಆರನೇ ತಾರೀಖಿಗೆ ಕಳಿಸುವುದು ಆಗದ ಮಾತು. ಗಿಡ ಈಗ ತಾನೇ ಬೇರು ಬಿಟ್ಟಿದೆ, ಕಿತ್ತು ನೋಡುವ ಹೊತ್ತಲ್ಲ.

ಅತ್ತಿಗೆ

*

ಮಾರ್ಚ್ 5

ಅತ್ತಿಗೆ,

ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ. ಅವರ ಕೈ ಆಡಿದ್ದನ್ನು ಓದಿ ಅತ್ತೆ, ನಿಜ. ಆಮೇಲೆ ಬಂದ ಅಳು ಸಂತೋಷದ್ದಲ್ಲ.

‘ಯಾರಿಗೂ ಹೇಳಿಲ್ಲವಂತೆ.’ ಆ ‘ಯಾರಿಗೂ’ ಯಾರು? ನಾನೇ ತಾನೆ? ದಿನಾ ಬೆಳಿಗ್ಗೆ ಅವರ ಮುಂದೆ ಕೂತು, ಮುಖ ನೋಡಿ, “ಹೇಗಿದೀರಿ? ಏನಾದ್ರೂ ಹೇಳ್ಬೇಕಾ? ನಾನಿದೀನಿ” ಎಂದು ಕೇಳಿದವಳು ನಾನು. ತುತ್ತು ಮಾಡಿ ಬಾಯಿಗಿಟ್ಟವಳು ನಾನು. ಅವರು ಮುಖ ತಿರುಗಿಸಿದಾಗ ಇನ್ನೊಂದು ಬದಿಗೆ ಹೋಗಿ ಮತ್ತೆ ಕೇಳಿದವಳೂ ನಾನೇ. ಮೂರು ವಾರ ನಿಮ್ಮ ಹಳ್ಳದಲ್ಲಿ ಕಾಲು ಅದ್ದಿದ್ದಕ್ಕೆ ಎಲ್ಲ ಹೊರಗೆ ಬಂತಾ? ಬಂದದ್ದನ್ನು ನೀವು ಸೆರಗಿನಲ್ಲಿ ಕಟ್ಟಿಕೊಂಡು, ‘ನಿನಗೆ ಬರೆಯುವುದು ಸರಿಯಲ್ಲ’ ಎಂದು ಬರೆಯುತ್ತೀರಿ. ಹೇಳಬಾರದೆಂದಿದ್ದರೆ ಹೇಳಿದ ಎಂದಾದರೂ ಯಾಕೆ ಬರೆದಿರಿ?

ನಮ್ಮ ಮದುವೆಯ ದಿನ ನೀವು ನನ್ನ ಕಿವಿಯಲ್ಲಿ ಹೇಳಿದ್ದು ನಿಮಗೆ ಮರೆತಿರಬಹುದು. “ಅವನಿಗೆ ಹುಷಾರಿಲ್ಲ ಅಂದ್ರೆ ನನಗೆ ಹೇಳಿ ಕಳಿಸು, ನಿನಗೆ ಗೊತ್ತಾಗಲ್ಲ” ಎಂದಿರಿ. ಆಗ ನನಗೆ ಇಪ್ಪತ್ತಾರು. ಇಷ್ಟು ವರ್ಷ ಆ ಮಾತನ್ನು ಸುಳ್ಳು ಮಾಡಬೇಕೆಂದೇ ಬಾಳಿದ್ದೇನೆ.

ಕೇಳಿ. ಏಪ್ರಿಲ್ 2ಕ್ಕೆ ಇಲಾಖೆಯ ವೈದ್ಯಕೀಯ ತಪಾಸಣೆ ಇದೆ. ‘ಬಲಗೈ ಹಿಡಿತ ಮರಳಿದೆ, ನಿದ್ದೆ ಬರುತ್ತಿದೆ, ಕೆಲಸಕ್ಕೆ ಸಿದ್ಧ’ ಎಂದು ಅವರ ಪರವಾಗಿ ಅರ್ಜಿ ಹಾಕಿದ್ದೇನೆ. ನಿಮ್ಮ ಮಾತೇ ಆಧಾರ. ಇದರ ಜೊತೆ ಅವರ ಹೆಸರಿಗೆ ಬೇರೆ ಲಕೋಟೆ ಇಟ್ಟಿದ್ದೇನೆ, ಕೈಗೇ ಕೊಡಿ.

ನನ್ನ ಗಂಡ ನನ್ನ ಮನೆಯಲ್ಲಿ ವಾಸಿಯಾಗಲಿ.

*

ಮಾರ್ಚ್ 20

ಅತ್ತಿಗೆ,

ನಾಲ್ಕು ವ್ಯಾನು ಬಂದು ಹೋದವು. ನಿಮ್ಮಿಂದ ಉತ್ತರವಿಲ್ಲ, ಅವರಿಂದಲೂ ಇಲ್ಲ. ಲಕೋಟೆ ಕೊಟ್ಟಿರಾ? ಕೊಟ್ಟಮೇಲೂ ಅವರು ಬರೆಯಲಿಲ್ಲವೆಂದರೆ ಹಾಗೆಂದು ಹೇಳಿಬಿಡಿ. ಗಟ್ಟಿಯಾಗಿದ್ದೇನೆ.

ಇಲ್ಲ, ಗಟ್ಟಿಯಾಗಿಲ್ಲ. ಸೋಮವಾರ ಔಷಧದ ಕೋಣೆಗೆ ಹತ್ತಿಯುಂಡೆ ತರಲು ಹೋದವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಏಳಲು ಆಗಲಿಲ್ಲ. ಹಿರಿಯ ನರ್ಸ್ ಬಂದು, “ನೀನು ಕೊನೆಯ ಸಲ ನಿದ್ದೆ ಮಾಡಿದ್ದು ಯಾವಾಗ?” ಎಂದು ಕೇಳಿದರು. ಲೆಕ್ಕ ಹಾಕಿದೆ, ನೆನಪಾಗಲಿಲ್ಲ. ಈಗ ರಜೆ ಹಾಕಿ ಮನೆಗೆ ಕಳಿಸಿದ್ದಾರೆ.

29ಕ್ಕೆ ಬೆಳಗಿನ ಬಸ್ಸಿಗೆ ಬರುತ್ತೇನೆ. ಬೇಡ ಎಂದರೂ ಬರುತ್ತೇನೆ.

*

ಮಾರ್ಚ್ 24

ನರ್ಸಮ್ಮ,

ಬಾ. ಬರುವ ಮೊದಲು ಇದನ್ನು ಓದು. ಆಮೇಲೆ ಮುಖ ನೋಡಿ ಉಗಿಯುವುದಾದರೆ ಉಗಿ.

ಲಕೋಟೆ ಕೊಡಲಿಲ್ಲ. ಬೀಜ ಇಡುವ ಖಾನೆಯಲ್ಲಿ ಇಟ್ಟುಬಿಟ್ಟೆ. ನಿನ್ನ ಹಿಂದಿನ ಕಾಗದವನ್ನೂ ಅವನಿಗೆ ತೋರಿಸಿರಲಿಲ್ಲ. ಅವನ ಮನಸ್ಸು ಕದಡಬಾರದು ಎಂದು ನನಗೇ ಹೇಳಿಕೊಂಡೆ. ಸುಳ್ಳು. ವ್ಯಾನು ಬಂದ ದಿನವೆಲ್ಲ ಅವನು ಗೇಟಿನವರೆಗೆ ನಡೆದು ಬಂದು, “ಅವಳ ಕಾಗದ ಬಂತಾ ಅಕ್ಕ?” ಎನ್ನುತ್ತಿದ್ದ. ನಾನು, “ಇಲ್ವಲ್ಲ, ಅವಳಿಗೆ ಕೆಲಸ ಇರುತ್ತೆ” ಎನ್ನುತ್ತಿದ್ದೆ. ‘ಅವರು ನನ್ನ ಬಗ್ಗೆ ಕೇಳಿದರಾ?’ ಎಂದು ನೀನು ಬರೆದದ್ದು ನನ್ನ ಜೇಬಿನಲ್ಲೇ ಇತ್ತು.

ಅಮ್ಮ ಹೋದಾಗ ಅವನಿಗೆ ಆರು, ನನಗೆ ಹದಿನೈದು. ಅಪ್ಪ ವರ್ಷದಲ್ಲಿ ಎಂಟು ತಿಂಗಳು ಊರ ಹೊರಗೆ ಕೆಲಸದ ಮೇಲೆ ಇರುತ್ತಿದ್ದರು. ಹಲ್ಲು ಬಿದ್ದದ್ದು, ಜ್ವರ ಬಂದದ್ದು, ಮೊದಲ ಸಲ ಗಡ್ಡ ಕೆರೆದುಕೊಂಡು ಕೆನ್ನೆ ಕೊಯ್ದುಕೊಂಡದ್ದು, ಎಲ್ಲ ನನ್ನ ಮುಂದೆಯೇ. ಆಮೇಲೆ ನೀನು ಬಂದೆ. ಎರಡೇ ವರ್ಷದಲ್ಲಿ ಅವನು ಸಾರಿಗೆ ಉಪ್ಪು ಹೇಗಿರಬೇಕೆಂಬುದನ್ನೂ ನಿನ್ನ ಪ್ರಕಾರವೇ ಹೇಳತೊಡಗಿದ. ನಿನ್ನ ಮೇಲೆ ನನಗಿದ್ದದ್ದು ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರಿಟ್ಟು ಇಷ್ಟು ದಿನ ಸಾಕಿಕೊಂಡೆ.

ಮೊನ್ನೆ ನಿನ್ನ ಕಾಗದ ಬಂದ ಮೇಲೆ ಎಲ್ಲವನ್ನೂ ಅವನ ಕೈಗೆ ಕೊಟ್ಟೆ. ನಿಂತುಕೊಂಡೇ ಓದಿದ. ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ಕಾಗದಗಳನ್ನು ಅಂಗಿಯೊಳಗೆ ಇಟ್ಟುಕೊಂಡು ಸುಟ್ಟ ಮಗ್ಗುಲು ಹತ್ತಿಹೋದ. ಎರಡು ದಿನದಿಂದ ನನ್ನ ಹತ್ತಿರ ಮಾತಿಲ್ಲ.

ಇನ್ನೊಂದು ತಿಳಿದುಕೋ. ಅವನನ್ನು ನಿನ್ನಿಂದ ಕಿತ್ತು ನನ್ನ ಹತ್ತಿರ ಇಟ್ಟುಕೊಂಡೆ ಎಂದುಕೊಂಡಿದ್ದೆ. ಅವನು ನನ್ನ ಹತ್ತಿರವೂ ಇಲ್ಲ. ಬೆಳಗಾದರೆ ಗುಡ್ಡ ಹತ್ತುತ್ತಾನೆ. ಅಲ್ಲಿ ಏನು ಸಿಗುತ್ತದೋ ನನಗೆ ತಿಳಿಯದು. ಇಪ್ಪತ್ತಮೂರು ವರ್ಷ ಈ ಮಣ್ಣಿನಲ್ಲಿ ಕೈಯಾಡಿಸಿದವಳಿಗೆ ಅಷ್ಟು ಸಿಕ್ಕಿಲ್ಲ.

ಹಳ್ಳದ ಹತ್ತಿರ ಅವನು ಹೇಳಿದ್ದರಲ್ಲಿ ನಿನ್ನ ಕುರಿತೂ ಒಂದು ಮಾತಿತ್ತು. ಅದನ್ನು ಬರೆಯದೆ ಬಿಟ್ಟದ್ದು ಮಾತ್ರ ಹೊಟ್ಟೆಕಿಚ್ಚಿನಿಂದಲ್ಲ.

ಅತ್ತಿಗೆ

*

ಏಪ್ರಿಲ್ 4

ಅತ್ತಿಗೆ,

ಮೂರು ದಿನ ನಿಮ್ಮ ಮನೆಯಲ್ಲಿದ್ದರೂ ನಾವಿಬ್ಬರೂ ಉಪ್ಪು ಕೊಡಿ, ನೀರು ಕೊಡಿ ಎಂಬುದರ ಆಚೆ ಮಾತಾಡಲಿಲ್ಲ. ಗುಡ್ಡದ ಮೇಲೆ ಏನಾಯಿತೆಂದು ನೀವು ಕೇಳಲಿಲ್ಲ. ಕೇಳದೇ ಇದ್ದದ್ದಕ್ಕೇ ಹೇಳುತ್ತಿದ್ದೇನೆ.

ಬಸ್ಸಿನಲ್ಲಿ ಕೂತು ನಿಮಗೆ ಹೇಳಬೇಕಾದ್ದನ್ನೆಲ್ಲ ಜೋಡಿಸಿಕೊಂಡಿದ್ದೆ. ಗೇಟಿನ ಹತ್ತಿರ ಅವರನ್ನು ನೋಡಿದ ಕೂಡಲೇ ಎಲ್ಲ ಮರೆತುಹೋಯಿತು. ಬಿಸಿಲಿಗೆ ಕಪ್ಪಾಗಿದ್ದರು, ಉಗುರಿನಲ್ಲಿ ಮಣ್ಣು. ಚೆನ್ನಾಗಿ ಕಾಣುತ್ತಿದ್ದರು, ಅದಕ್ಕೇ ನನ್ನ ಹೊಟ್ಟೆ ಉರಿಯಿತು. ನನ್ನ ಮುಖ ನೋಡದೆ ನನ್ನ ಚೀಲ ತೆಗೆದುಕೊಂಡರು. ಬಲಗೈಯಲ್ಲಿ.

“ಬಾ, ತೋರಿಸ್ತೀನಿ” ಎಂದು ಮುಂದೆ ನಡೆದರು.

ದಾರಿಯುದ್ದಕ್ಕೂ ಅವರ ಬೆನ್ನನ್ನೇ ನೋಡುತ್ತ ಹತ್ತಿದೆ. ಮೇಲೆ ಎಲ್ಲ ಇದ್ದಿಲ ಬಣ್ಣ. ಸುಟ್ಟು ಮೋಟಾದ ಒಂದು ದೊಡ್ಡ ಮರದ ಹತ್ತಿರ ನಿಂತು ಅದರ ಮೇಲೆ ಅಂಗೈ ಇಟ್ಟರು. ನಾವು ರೋಗಿಯ ನಾಡಿ ಹಿಡಿದು ನಿಲ್ಲುತ್ತೇವಲ್ಲ, ಹಾಗೆ. ಅಷ್ಟು ಹೊತ್ತು ನನ್ನ ಕೈಯನ್ನು ಅವರು ಹಿಡಿದು ಎಷ್ಟು ಕಾಲವಾಯಿತು ಎಂದು ಯೋಚಿಸಿದೆ. ಒಂದು ಮೋಟು ಮರದ ಮೇಲೆ ಹೊಟ್ಟೆಕಿಚ್ಚು ಪಡುವ ಹೆಂಗಸನ್ನು ನೀವು ನೋಡಿದ್ದೀರಾ?

“ರೀ, ಏನು ಮಾಡ್ತಿದೀರಿ?”

“ಏನಿಲ್ಲ. ಇದಕ್ಕೂ ಅವಸರ ಇಲ್ಲ, ನನಗೂ ಇಲ್ಲ.”

ಬುಡದಲ್ಲಿ, ಕಪ್ಪು ತೊಗಟೆ ಒಡೆದ ಕಡೆ, ನನ್ನ ಕಿರುಬೆರಳಷ್ಟು ಚಿಗುರಿತ್ತು. ಕೆಂಪು ಎಲೆ, ಎರಡೇ ಎರಡು. ಮೂರು ವರ್ಷ ಸತ್ತಂತಿದ್ದ ಮರವಂತೆ. ಯಾರೂ ನೀರು ಹಾಕಿರಲಿಲ್ಲವಂತೆ.

ಆಗ ನಾನು ಕೇಳಿಯೇಬಿಟ್ಟೆ. “ನಿಮ್ಮಕ್ಕನಿಗೆ ಹೇಳಿದಿರಿ. ನನಗೆ ಯಾಕೆ ಹೇಳಲಿಲ್ಲ? ನಾನೇನು ಕಮ್ಮಿ ಮಾಡಿದೆ?”

ಬುಡದಲ್ಲಿ ಕೂತು ಚಿಗುರಿನ ಸುತ್ತಲಿನ ಇದ್ದಿಲ ಚೂರು ಬಿಡಿಸಿದರು. ಆಮೇಲೆ ಆ ಚಿಗುರನ್ನು ನೋಡುತ್ತಲೇ ಹೇಳಿದರು:

“ನೀನು ಏನೂ ಕಮ್ಮಿ ಮಾಡಲಿಲ್ಲ. ಆ ಹೆಂಗಸು ಕೊನೇಲಿ ತಲೆ ಎತ್ತಿ ನನ್ನನ್ನ ನೋಡಿದಳು. ಏನೋ ಕೇಳೋ ಥರ ನೋಡಿದಳು. ನೀನು ದಿನಾ ಬೆಳಿಗ್ಗೆ ನನ್ನ ಎದುರಿಗೆ ಕೂತು ಮುಖ ನೋಡ್ತೀಯಲ್ಲ, ಹೇಗಿದೀರಿ ಅಂತ... ಅದೇ ನೋಟ. ನೀನು ಮುಖ ಎತ್ತಿದಾಗೆಲ್ಲ ಅವಳು ಕಾಣ್ತಾಳೆ. ನಿನಗೆ ಹೇಗೆ ಹೇಳ್ಲಿ ಇದನ್ನ? ಇಲ್ಲಿ ಯಾವುದಕ್ಕೂ ಮುಖ ಇಲ್ಲ. ಮರ ನನ್ನನ್ನ ಏನೂ ಕೇಳಲ್ಲ.”

ಅತ್ತಿಗೆ, ನಾನು ಅವರಿಗೆ ಔಷಧವೆಂದು ಕೊಟ್ಟದ್ದೇ ಆ ನೋಟ. ಅದನ್ನೇ ದಿನಕ್ಕೆ ಹತ್ತು ಸಲ ಕೊಟ್ಟೆ.

ಅಳಲಿಲ್ಲ. ಅತ್ತರೆ ಮತ್ತೆ ಮುಖವೇ ಅಲ್ಲವೇ? ಅವರ ಪಕ್ಕಕ್ಕೆ ಹೋಗಿ, ಅವರು ನೋಡುತ್ತಿದ್ದ ಕಡೆಗೇ ಮುಖ ಮಾಡಿ ಕೂತೆ. ಕೆಳಗೆ ಹಳ್ಳದ ನೀರು ತುಂಡು ತುಂಡಾಗಿ ಹೊಳೆಯುತ್ತಿತ್ತು. ಎಲ್ಲೋ ಮರಕುಟಿಗ ಕುಟ್ಟುತ್ತಿತ್ತು, ನಿಲ್ಲಿಸುತ್ತಿತ್ತು, ಮತ್ತೆ ಕುಟ್ಟುತ್ತಿತ್ತು. ನನಗೆ ದೇವರು ದಿಂಡರಲ್ಲಿ ಅಷ್ಟು ನಂಬಿಕೆ ಇಲ್ಲ, ನಿಮಗೆ ಗೊತ್ತು. ಆದರೆ ಅಲ್ಲಿ ಯಾರೋ ನನ್ನ ಹೆಗಲ ಮೇಲಿನ ಗಂಟನ್ನು ನನ್ನನ್ನು ಕೇಳದೆ ಇಳಿಸಿ ಪಕ್ಕಕ್ಕಿಟ್ಟ ಹಾಗಾಯಿತು. ಎಷ್ಟೋ ಹೊತ್ತಿನ ಮೇಲೆ ಅವರ ಭುಜ ನನ್ನ ಭುಜಕ್ಕೆ ತಗುಲಿತು. ತೆಗೆಯಲಿಲ್ಲ.

ಆಮೇಲೆ ನಾನು ನಿದ್ದೆ ಹೋದೆ. ಬರಿ ನೆಲದ ಮೇಲೆ, ಬೂಟು ಹಾಕಿಕೊಂಡೇ. ಎದ್ದಾಗ ಬಿಸಿಲು ಇಳಿದಿತ್ತು, ಕೆನ್ನೆಗೆ ಕಡ್ಡಿಕಸ ಅಂಟಿತ್ತು, ಮೈಮೇಲೆ ಅವರ ಅಂಗಿ ಇತ್ತು. ಅವರು ಬನಿಯನ್ನಿನಲ್ಲೇ ಸಸಿ ನೆಡುತ್ತಿದ್ದರು. ನನಗೆ ಇರುವೆ ಕಚ್ಚಿದ ಗುರುತು ಒಂಬತ್ತು ಕಡೆ ಇದೆ, ನಿಮ್ಮ ಇರುವೆಗಳಿಗೆ ಅತಿಥಿ ಸತ್ಕಾರ ಗೊತ್ತಿಲ್ಲ.

ಬಂದ ಕೂಡಲೇ ಇಲಾಖೆಗೆ ಹೋಗಿ ಅರ್ಜಿ ವಾಪಸು ತೆಗೆದುಕೊಂಡೆ. ಅವರನ್ನು ಕೇಳದೆ ಹಾಕಿದ್ದು ತಪ್ಪು ಎಂದು ಅಲ್ಲೇ ಬರೆದುಕೊಟ್ಟೆ. ರಜೆ ಮುಂದುವರಿಸಿದ್ದಾರೆ.

ಲಕೋಟೆ ಬಚ್ಚಿಟ್ಟದ್ದಕ್ಕೆ ನಿಮ್ಮ ಮೇಲೆ ಇನ್ನೂ ಸಿಟ್ಟಿದೆ. ಅದು ಹೋಗುವವರೆಗೆ ಅವರು ಅಲ್ಲೇ ಇರಲಿ. ಹೋದ ಮೇಲೂ, ಅವರು ಹೊರಡುವವರೆಗೆ.

ನರ್ಸಮ್ಮ

*

ಜೂನ್ 12

ನರ್ಸಮ್ಮ,

ನೀನು ಈ ಎರಡು ತಿಂಗಳು ಬರೆದದ್ದೆಲ್ಲ ಅವನಿಗೇ, ನನಗೆ ಒಂದು ಸಾಲೂ ಇಲ್ಲ. ಲಕೋಟೆಗಳನ್ನು ಅವನ ಕೈಗೆ ಕೊಟ್ಟು ದೂರ ಹೋಗಿ ನಿಲ್ಲುತ್ತಿದ್ದೆ. ಅವನು ಓದಿ ನಗುವುದು ಅಲ್ಲಿಂದಲೇ ಕಾಣುತ್ತಿತ್ತು. ಏನು ಬರೆಯುತ್ತೀಯೋ ಏನೋ, ಕೇಳುವ ಬಾಯಿ ನನಗಿಲ್ಲ.

ನೀನು ಮಲಗಿದ್ದ ಜಾಗ ಇದೆಯಲ್ಲ, ಅಲ್ಲಿ ಸಸಿ ನೆಡಲು ಬಿಡುತ್ತಿಲ್ಲ. ಸಾಲು ತಪ್ಪುತ್ತದೆ ಮಾರಾಯ ಎಂದರೆ, “ತಪ್ಪಲಿ ಬಿಡು ಅಕ್ಕ” ಎನ್ನುತ್ತಾನೆ. ನಾನು ಈ ಗುಡ್ಡದಲ್ಲಿ ಎಷ್ಟು ಕಡೆ ಮಲಗಿಲ್ಲ! ನನಗಾಗಿ ಯಾರೂ ಒಂದು ಗೇಣು ನೆಲ ಖಾಲಿ ಬಿಟ್ಟಿಲ್ಲ. ನೋಡು, ಕಿಚ್ಚು ಇನ್ನೂ ಆರಿಲ್ಲ.

ಹೋದ ವಾರ ಕಣಿವೆಯ ನಿಲ್ದಾಣದವರೆಗೆ ನಡೆದು ಹೋಗಿದ್ದ. ನನಗೆ ಹೇಳದೆ ಹೋಗಿದ್ದಕ್ಕೆ ಹೆದರಿ ಹಿಂದೆಯೇ ಓಡಿದೆ. ಹಳಿಯಿಂದ ದೂರ, ಬೇಲಿಯ ಹುಲ್ಲಿನಲ್ಲಿ ಕೂತಿದ್ದ. ರೈಲು ಹಾರ್ನ್ ಹಾಕಿಕೊಂಡು ಬಂತು. ಎರಡೂ ಕೈಯಲ್ಲಿ ಹುಲ್ಲು ಹಿಡಿದುಕೊಂಡ. ಎದ್ದು ಓಡಲಿಲ್ಲ. ಗಾಡಿ ಪೂರ್ತಿ ಹೋದ ಮೇಲೆ ಹುಲ್ಲು ಬಿಟ್ಟು, “ಅಕ್ಕಾ, ಇನ್ನು ಓಡಿಸೋಕೆ ಆಗಲ್ಲ. ಆದರೆ ಕೂತುಕೊಂಡು ಹೋಗಬಹುದು ಅನ್ಸತ್ತೆ” ಅಂದ.

ಹದಿನೇಳಕ್ಕೆ ಹೊರಡುತ್ತಾನಂತೆ. ನಾನು ಕಳಿಸುತ್ತಿಲ್ಲ, ನೀನು ಕರೆಸಿಕೊಳ್ಳುತ್ತಿಲ್ಲ, ಅವನೇ ಹೊರಟಿದ್ದಾನೆ. ಇವತ್ತು ಒಂದೇ ಮಡಿಗೆ ಎರಡು ಸಲ ನೀರು ಹಾಕಿದೆ.

ಚೆನ್ನಾಗಿ ನೋಡಿಕೋ ಎಂದು ಬರೆಯಲು ಹೊರಟಿದ್ದೆ. ನೀನು ನೋಡಿಕೊಳ್ಳುವವಳೇ. ನನಗೂ ಆಗಾಗ ಬರಿ, ನನಗೆಂದೇ.

ಅತ್ತಿಗೆ

*

ಜುಲೈ 9

ಅತ್ತಿಗೆ,

ಇದು ನಿಮಗೆಂದೇ ಬರೆದದ್ದು. ಅವರಿಗೆ ತೋರಿಸಿಲ್ಲ.

ಅವರು ಬಂದು ಮೂರು ವಾರವಾಯಿತು. ರೈಲಿನಲ್ಲೇ ಬಂದರು, ಕೊನೆಯ ಬೋಗಿಯಲ್ಲಿ ಎಂಜಿನ್ನಿಗೆ ಬೆನ್ನು ಹಾಕಿ ಕೂತಿದ್ದರಂತೆ. ಇನ್ನು ಗಾಡಿ ಓಡಿಸಲಾರೆ ಎಂದು ಇಲಾಖೆಗೆ ತಾವೇ ಹೋಗಿ ಹೇಳಿದರು. ಈಗ ವೇಳಾಪಟ್ಟಿಯ ವಿಭಾಗದಲ್ಲಿ ಕೆಲಸ ಕೊಟ್ಟಿದ್ದಾರೆ. ನಾನು ಅರ್ಜಿಯಲ್ಲಿ ಬರೆದ ಸುಳ್ಳನ್ನು ಯಾರೂ ಎತ್ತಲಿಲ್ಲ.

ನಮ್ಮ ಆಸ್ಪತ್ರೆಯ ಹಿಂದೆ, ಬಟ್ಟೆ ಒಗೆಯುವ ಕಟ್ಟಡಕ್ಕೂ ಕಾಂಪೌಂಡಿಗೂ ನಡುವೆ, ಒಂದು ಪಾಳು ಜಾಗವಿದೆ. ಮುರಿದ ಮಂಚಗಳನ್ನು ಎಸೆಯುವ ಕಡೆ. ಅಲ್ಲಿ ತಾವಾಗಿ ಹುಟ್ಟಿದ ಮೂರು ಮರಗಳಿವೆ. ನಾನು ಇಷ್ಟು ವರ್ಷ ಅದೇ ದಾರಿಯಲ್ಲಿ ಓಡಾಡಿದರೂ ನೋಡಿರಲಿಲ್ಲ. ಇವರು ಬಂದ ಎರಡನೆಯ ದಿನವೇ ಕಂಡುಹಿಡಿದರು. ಬೆಳಿಗ್ಗೆ ನನ್ನನ್ನು ಬಿಟ್ಟು ಒಬ್ಬರೇ ಅಲ್ಲಿಗೆ ಹೋಗತೊಡಗಿದರು. ಮೊದಲ ವಾರ ಹೊಟ್ಟೆ ಉರಿದು ಸತ್ತೆ. ಗುಡ್ಡ ಹೋಯಿತು, ಈಗ ಇವು ಬಂದವಲ್ಲಪ್ಪ ಎನ್ನಿಸಿತು. ಎಂಟನೆಯ ದಿನ, “ನಾನೂ ಬರ್ಲಾ?” ಎಂದೆ. “ಬಾ. ಮಾತಾಡಬೇಡ” ಎಂದರು. ಈಗ ಕೆಲಸಕ್ಕೆ ಮೊದಲು ಅರ್ಧ ಗಂಟೆ ಇಬ್ಬರೂ ಹೋಗಿ, ಒಂದೇ ಕಡೆ ಮುಖ ಮಾಡಿ ಕೂರುತ್ತೇವೆ. ಮನೆಯಲ್ಲೂ ಹಾಗೇ. ಊಟದ ಮೇಜನ್ನು ಗೋಡೆಗೆ ಒತ್ತಿ ಪಕ್ಕಪಕ್ಕ ಕೂತು ಉಣ್ಣುತ್ತೇವೆ. ಬಂದವರು ನೋಡಿದರೆ ಬಸ್ಸಿನಲ್ಲಿ ಕೂತ ಹಾಗೆ ಕಾಣುತ್ತೇವೆ.

ನಿಮ್ಮ ಮೇಲಿನ ಸಿಟ್ಟು ಯಾವಾಗ ಹೋಯಿತೋ ಗೊತ್ತಾಗಲಿಲ್ಲ. ಹುಡುಕಿದೆ, ಸಿಗಲಿಲ್ಲ. ಹೊಟ್ಟೆಕಿಚ್ಚು ಸ್ವಲ್ಪ ಇದೆ. ಅವರು ನಿಮ್ಮ ಹಳ್ಳದ ಮಾತು ತೆಗೆದಾಗಲೆಲ್ಲ ಚುರ್ ಎನ್ನುತ್ತದೆ. ಇರಲಿ, ನಿಮ್ಮಲ್ಲಿಯೂ ಇದೆಯಲ್ಲ, ನನ್ನೊಬ್ಬಳದೇ ಅಲ್ಲ ಎಂಬ ಸಮಾಧಾನ.

ಇವತ್ತು ಬೆಳಿಗ್ಗೆ ನಡೆದದ್ದು ಹೇಳಬೇಕೆಂದೇ ಕಾಗದ ಹಿಡಿದೆ. ಆ ಮರಗಳ ಕೆಳಗೆ ಕೂತಿದ್ದೆವು. ಮಳೆ ನಿಂತು ಎಲೆಗಳಿಂದ ಇನ್ನೂ ತೊಟ್ಟಿಕ್ಕುತ್ತಿತ್ತು. ಒಂದು ದಪ್ಪ ಹನಿ ಸರಿಯಾಗಿ ನನ್ನ ನೆತ್ತಿಯ ಮೇಲೆ ಬಿತ್ತು. ನಾನು ‘ಅಯ್ಯೋ’ ಎಂದೆ. ಅವರು ಒರೆಸಲೆಂದು ಈ ಕಡೆ ತಿರುಗಿದರು. ಕೈ ನನ್ನ ತಲೆಯ ಮೇಲೇ ನಿಂತಿತು. ನಾನು ಹೆದರಿ ಕಣ್ಣು ಕೆಳಗೆ ಹಾಕಿದೆ. ಅವರು ಕೈ ತೆಗೆಯಲಿಲ್ಲ, ತಿರುಗಲೂ ಇಲ್ಲ. ನನ್ನನ್ನು ನೋಡುತ್ತಿದ್ದಾರೆಂದು ಗೊತ್ತಾಯಿತು. ಹದಿನಾರು ತಿಂಗಳ ಮೇಲೆ.

“ಇಷ್ಟೊಂದು ಕೂದಲು ಯಾವಾಗ ನೆರೆಯಿತೇ ನಿನಗೆ?” ಎಂದರು.

ಮುಖ ಎತ್ತಿದೆ. ಅವರು ಮುಖ ತಿರುಗಿಸಲಿಲ್ಲ.

“ನೀವು ನೋಡದೇ ಇದ್ದಾಗ” ಎಂದೆ.

ಇಬ್ಬರೂ ಇವತ್ತು ಕೆಲಸಕ್ಕೆ ತಡವಾಗಿ ಹೋದೆವು.

ನರ್ಸಮ್ಮ